ಹಾಡುವವರೇ ಸಂಶೋಧಕರಾದರೆ



ಮೈಸೂರಿನಲ್ಲಿರುವ ನಮ್ಮ ಸಂಗೀತ ವಿಶ್ವವಿದ್ಯಾಲಯದ ಪೂರ್ಣ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದು ಕಷ್ಟ: ಕರ್ನಾಟಕ ರಾಜ್ಯ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ. ಆ ಹೆಸರಿನ ನಡುವೆ ‘ಡಾ.’ ಎಂಬ ಒಂದಕ್ಷರವಿದೆಯಲ್ಲ, ಅದು ಗೌರವ ಡಾಕ್ಟರೇಟಿನದು. ಗಂಗೂಬಾಯಿಯವರು ಶಾಲೆಗೆ ಹೋದದ್ದು ಐದನೆಯ ಇಯತ್ತೆಯವರೆಗೆ. ಇವತ್ತು ಅವರು ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕಿದ್ದರೆ ಮೊದಲನೆಯ ಪುಟದಲ್ಲೇ ವಾಪಸು ಬರುತ್ತಿತ್ತು. ವಿಶ್ವವಿದ್ಯಾಲಯವನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ನಿಯಮ ನಿಯಮವೇ. ಆದರೆ ನಮ್ಮಲ್ಲಿ ಸಂಗೀತಗಾರರಿಗೆ ಡಾಕ್ಟರೇಟು ಬರುವ ದಾರಿಗಳು ಎರಡೇ ಆಗಿಬಿಟ್ಟಿವೆ. ಒಂದು, ಜೀವಮಾನವೆಲ್ಲ ಹಾಡಿದ ಮೇಲೆ ಶಾಲು ಹೊದಿಸಿ ಕೊಡುವುದು. ಇನ್ನೊಂದು, ಕೆಲವು ವರ್ಷ ಹಾಡುವುದನ್ನು ಬದಿಗಿಟ್ಟು ಬರೆದು ಗಳಿಸುವುದು. ಹಾಡುತ್ತಲೇ, ಹಾಡಿನಿಂದಲೇ ಗಳಿಸುವ ಮೂರನೆಯದೊಂದು ದಾರಿ ಇರಬೇಕಲ್ಲವೇ? ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

ಕಛೇರಿ ಮಾಡುವ ಹುಡುಗ ಹುಡುಗಿಯರು ಈಗ ಪಿಎಚ್.ಡಿ. ವಿಚಾರ ಕೇಳಿಕೊಂಡು ಬರುತ್ತಾರೆ. ವಿದ್ವತ್ ಮುಗಿದಿರುತ್ತದೆ, ಎಂ.ಎ. ಆಗಿರುತ್ತದೆ, ಆಕಾಶವಾಣಿಯಲ್ಲಿ ‘ಬಿ ಹೈ’ ಶ್ರೇಣಿ ಸಿಕ್ಕಿರುತ್ತದೆ. ಮಾತು ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ:

‘ಮುಂದೆ ಪಿಎಚ್.ಡಿ. ಮಾಡಿಬಿಡೋಣ ಅಂತಿದೀನಿ ಸರ್.’

‘ಒಳ್ಳೇದು. ಯಾವುದರ ಮೇಲೆ?’

‘ಅದನ್ನ ನೀವೇ ಹೇಳ್ಬೇಕು ಸರ್.’

ದಿನಕ್ಕೆ ನಾಲ್ಕು ಗಂಟೆ ಸಾಧನೆ ಮಾಡುವವರ ಹತ್ತಿರ ಪ್ರಶ್ನೆಗಳಿಲ್ಲ ಎಂದರೆ ನಾನು ನಂಬುವುದಿಲ್ಲ. ಇರುತ್ತವೆ, ರಾಶಿಗಟ್ಟಲೆ ಇರುತ್ತವೆ. ಈ ಕೃತಿಯ ಚರಣಕ್ಕೆ ಬಂದಾಗ ಯಾಕೆ ಯಾವಾಗಲೂ ಕಾಲ ಓಡುತ್ತದೆ? ನಮ್ಮ ಮೇಷ್ಟ್ರು ಈ ಜಾಗದಲ್ಲಿ ಹಿಡಿಯುತ್ತಿದ್ದ ಗಾಂಧಾರ ಧ್ವನಿಮುದ್ರಿಕೆಯಲ್ಲಿ ಏಕೆ ಬೇರೆ ಕೇಳಿಸುತ್ತದೆ? ಪಿಟೀಲಿನವರು ನನಗಿಂತ ಮೊದಲೇ ಆ ಸ್ವರದ ಮೇಲೆ ಹೋಗಿ ಕೂತಿದ್ದು ಹೇಗೆ? ಸಾಧನೆಯ ಕೋಣೆಯಲ್ಲಿ ಹುಟ್ಟುವ ಇಂಥ ಗೊಂದಲಗಳಿಗೆ ಸಂಶೋಧನೆ ಎನ್ನಬಹುದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೆ. ಹಾಗಾಗಿ ವಿಷಯವನ್ನು ಹೊರಗಿನಿಂದ ಕೇಳಿ ಪಡೆಯುತ್ತಾರೆ.

ಪಡೆದ ವಿಷಯ ಎಂಥದ್ದಿರುತ್ತದೆ ಎಂಬುದನ್ನು ನೀವೂ ಬಲ್ಲಿರಿ. ಒಬ್ಬ ವಾಗ್ಗೇಯಕಾರರ ಹೆಸರು, ಅದರ ಮುಂದೆ ‘ಜೀವನ ಮತ್ತು ಸಾಧನೆ’, ಅದರ ಮುಂದೆ ‘ಒಂದು ಅಧ್ಯಯನ’. ಇಲ್ಲವೇ ಒಂದು ಜಿಲ್ಲೆಯ ಹೆಸರು, ಮುಂದೆ ‘ಕೊಡುಗೆ’. ಮೊದಲನೆಯ ಅಧ್ಯಾಯ ಸಾಮವೇದದಿಂದ ಹೊರಟು ಭರತ, ಮತಂಗ, ಶಾರ್ಙ್ಗದೇವರನ್ನು ದಾಟಿ ಪುರಂದರದಾಸರ ಹತ್ತಿರ ದಣಿವಾರಿಸಿಕೊಳ್ಳುತ್ತದೆ. ವಿಷಯ ಹಾರ್ಮೋನಿಯಂ ಆದರೂ ಸರಿ, ಸಿನಿಮಾ ಸಂಗೀತವಾದರೂ ಸರಿ, ಸಾಮವೇದಕ್ಕೆ ವಿನಾಯಿತಿ ಇಲ್ಲ. (ಕೃತಿಚೌರ್ಯ ಪತ್ತೆಮಾಡುವ ತಂತ್ರಾಂಶ ಬಂದ ಮೇಲೆ ಅತಿ ಹೆಚ್ಚು ಕಷ್ಟಕ್ಕೆ ಬಿದ್ದದ್ದು ಈ ಅಧ್ಯಾಯವೇ.) ಇಂಥ ಪ್ರಬಂಧಗಳೆಲ್ಲ ನಿರರ್ಥಕ ಎನ್ನಲಾರೆ. ಎಷ್ಟೋ ಕುಟುಂಬಗಳ ಟ್ರಂಕಿನಲ್ಲಿದ್ದ ಹಸ್ತಪ್ರತಿಗಳು ಬೆಳಕಿಗೆ ಬಂದದ್ದು ಅವುಗಳಿಂದಲೇ. ನನ್ನ ತಕರಾರು ಬೇರೆ. ಅದನ್ನು ಬರೆಯಲು ಹಾಡು ಬರಬೇಕಾಗಿಯೇ ಇರಲಿಲ್ಲ. ಚರಿತ್ರೆಯ ವಿದ್ಯಾರ್ಥಿಯೊಬ್ಬ ಅದನ್ನು ಇನ್ನೂ ಚೆನ್ನಾಗಿ ಬರೆಯುತ್ತಿದ್ದ. ಹದಿನೈದು ಇಪ್ಪತ್ತು ವರ್ಷ ಸಾಧನೆ ಮಾಡಿದ ಕೈಯನ್ನೋ ಕಂಠವನ್ನೋ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬಾ ಎಂದಂತಾಯಿತು.

ನಿಯಮಗಳ ಕಡೆ ಒಮ್ಮೆ ನೋಡಿಬಿಡೋಣ. ಯುಜಿಸಿ 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಮೇಲೆ 2 ವರ್ಷದವರೆಗೆ ಸಡಿಲಿಕೆ. ಕೋರ್ಸ್ ವರ್ಕಿಗೆ ಕನಿಷ್ಠ 12 ಕ್ರೆಡಿಟ್. ಪ್ರಬಂಧವನ್ನು ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದಬೇಕು. ಆಮೇಲೆ ಮೌಖಿಕ ಪರೀಕ್ಷೆ. ರಸಾಯನಶಾಸ್ತ್ರಕ್ಕೂ ಇದೇ, ತೋಡಿ ರಾಗಕ್ಕೂ ಇದೇ. ಲಿಖಿತ ಪ್ರಬಂಧ ಬೇಕು ಎನ್ನುತ್ತದೆ ಈ ನಿಯಮಾವಳಿ. ಅದರ ಜೊತೆಗೆ ಕಛೇರಿಯನ್ನೂ ಪರಿಶೀಲನೆಗೆ ತೆಗೆದುಕೊಳ್ಳಬಾರದು ಎಂದು ಎಲ್ಲೂ ಹೇಳುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ದೇಶದ ಪ್ರಬಂಧಗಳು ಸಿಗುವ ‘ಶೋಧಗಂಗಾ’ ಎಂಬ ಜಾಲ ಭಂಡಾರವಿದೆ. ಯಾರು ಬೇಕಾದರೂ ಮನೆಯಲ್ಲೇ ಕೂತು ತೆರೆದು ನೋಡಬಹುದು. ಸಂಗೀತ ವಿಭಾಗದ್ದು ಯಾವುದಾದರೂ ಒಂದನ್ನು ತೆರೆಯಿರಿ. ಅಧ್ಯಾಯಗಳಿವೆ, ಕೋಷ್ಟಕಗಳಿವೆ, ಸ್ವರಲಿಪಿಯಿದೆ, ಅನುಬಂಧದಲ್ಲಿ ಸಂದರ್ಶನ ಕೊಟ್ಟ ವಿದ್ವಾಂಸರ ಪಕ್ಕದಲ್ಲಿ ಅಭ್ಯರ್ಥಿ ನಿಂತ ಫೋಟೊ ಇದೆ. ಕೇಳುವುದಕ್ಕೆ ಮಾತ್ರ ಏನೂ ಸಿಗುವುದು ಅಪರೂಪ.

ಸಂಶೋಧನೆಯಿಂದ ಹಾಡು ಹೀಗೆ ಹೊರಗುಳಿಯುವುದು ಇವತ್ತಿನ ಕಥೆಯಲ್ಲ. ನಮ್ಮ ಸಂಗೀತದ ಆಧುನಿಕ ಸಂಶೋಧನೆ ಶುರುವಾದದ್ದೇ ಹೀಗೆ. ಸಾಂಗ್ಲಿಯಲ್ಲಿ ಕೆ.ಬಿ. ದೇವಲ್ ಎಂಬ ನಿವೃತ್ತ ಅಧಿಕಾರಿ ಇದ್ದರು. ಶಾಸ್ತ್ರಗಳು ಹೇಳುವ ಇಪ್ಪತ್ತೆರಡು ಶ್ರುತಿಗಳು ನಿಜವಾಗಿ ಎಲ್ಲೆಲ್ಲಿವೆ, ಅವುಗಳ ಅಳತೆಯೇನು ಎಂಬುದು ಅವರ ಹುಡುಕಾಟ. ಅಳೆಯಲು ಉಪಕರಣವಿತ್ತು, ಗಣಿತವಿತ್ತು. ಆದರೆ ಅಳೆಯಬೇಕಾದ ಸ್ವರವನ್ನು ಕೂದಲೆಳೆಯಷ್ಟೂ ಅಲುಗಾಡದಂತೆ ನಿಲ್ಲಿಸಿ ತೋರಿಸುವವರು ಬೇಕಲ್ಲ? ಆ ಕೆಲಸ ಮಾಡಿದವರು ಅಬ್ದುಲ್ ಕರೀಂ ಖಾನ್, ಕಿರಾನಾ ಘರಾಣೆಯ ಖಾನ್ ಸಾಹೇಬರು. ಅವರು ಸ್ವರ ಹಚ್ಚುವುದು, ಇವರು ಅಳೆಯುವುದು. ಫಲವಾಗಿ 1910ರಲ್ಲಿ ದೇವಲರ ಇಂಗ್ಲಿಷ್ ಪುಸ್ತಕ ಬಂತು. ಮುಂದೆ ಇಂಗ್ಲಿಷ್ ಅಧಿಕಾರಿ ಕ್ಲೆಮೆಂಟ್ಸ್ ಈ ಕೆಲಸವನ್ನು ಬೆಳೆಸಿದರು. ಇಪ್ಪತ್ತೆರಡು ಶ್ರುತಿಯ ಹಾರ್ಮೋನಿಯಂ ತಯಾರಾಯಿತು, 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಅದರ ಮೇಲೆ ಜೋರು ಚರ್ಚೆಯಾಯಿತು.

ಪುಸ್ತಕದ ಮುಖಪುಟದಲ್ಲಿ ದೇವಲರ ಹೆಸರು. ಅದು ನ್ಯಾಯವೇ, ಬರೆದವರು ಅವರು. ಆದರೆ ಖಾನ್ ಸಾಹೇಬರ ಪಾತ್ರವೇನು? ಸಾಕ್ಷಿಯದು. ಕೋರ್ಟಿನಲ್ಲಿ ಸಾಕ್ಷಿ ತಾನು ಕಂಡದ್ದನ್ನು ಹೇಳುತ್ತಾನೆ, ತೀರ್ಪು ಬರೆಯುವವರು ಬೇರೆ. ಒಂದು ಸ್ವರವನ್ನು ಅಷ್ಟು ನಿಖರವಾಗಿ ನಿಲ್ಲಿಸಬಲ್ಲ ಮನುಷ್ಯನಿಗೆ ಆ ಸ್ವರ ನಿಲ್ಲುವುದು ಹೇಗೆ, ಯಾವಾಗ ನಿಲ್ಲಲು ಒಲ್ಲೆ ಎನ್ನುತ್ತದೆ, ಮಂದ್ರದಲ್ಲೂ ತಾರದಲ್ಲೂ ಅದೇ ಜಾಗವೇ, ತಂಬೂರಿಯ ಜೀವಾಳಿ ಸ್ವಲ್ಪ ಸರಿದರೆ ಏನಾಗುತ್ತದೆ ಎಂಬುದೆಲ್ಲ ಗೊತ್ತಿತ್ತು. ಇದನ್ನು ಅವರನ್ನು ಕೇಳಿದವರಾರು? ಕೇಳಿದ್ದರೂ ಬರೆದುಕೊಂಡವರಾರು? ಆ ತಿಳಿವಳಿಕೆ ಶಿಷ್ಯರಿಗೆ ಇಳಿಯಿತು, ಕುಂದಗೋಳದ ಸವಾಯಿ ಗಂಧರ್ವರಿಗೆ ಬಂತು, ಅವರಿಂದ ಗಂಗೂಬಾಯಿ, ಭೀಮಸೇನ ಜೋಶಿಯವರಿಗೆ ಬಂತು. ಕಂಠದಿಂದ ಕಂಠಕ್ಕೆ ಬಂತು, ಕಾಗದಕ್ಕೆ ಬರಲೇ ಇಲ್ಲ. ಪ್ರದರ್ಶನ ಕಲೆಯ ಡಾಕ್ಟರೇಟ್ ಎನ್ನುವುದಕ್ಕೆ ನನ್ನ ಅರ್ಥ ಇಷ್ಟೇ: ಸಾಕ್ಷಿಕಟ್ಟೆಯಲ್ಲಿ ನಿಂತ ಗಾಯಕನ ಕೈಗೆ ಲೇಖನಿ ಕೊಟ್ಟು, ತೀರ್ಪನ್ನೂ ನೀನೇ ಬರೆ, ಅದಕ್ಕೆ ಸವಾಲು ಹಾಕಲು ನಾವಿದ್ದೇವೆ ಎನ್ನುವುದು.

ಸಾಕ್ಷಿ ಬರಹಗಾರನಾದ ಉದಾಹರಣೆ ಹುಡುಕಿದರೆ ಮೊದಲು ಸಿಗುವುದು ದೂರದ ಅಮೆರಿಕದಲ್ಲಿ, ಅದೂ ನಮ್ಮವರದೇ. 1960ರ ಹೊತ್ತಿಗೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮ್ಯಾಂಟಲ್ ಹುಡ್ ಎಂಬ ಪ್ರಾಧ್ಯಾಪಕರು ಒಂದು ಪಟ್ಟು ಹಿಡಿದರು. ಪರದೇಶದ ಸಂಗೀತವನ್ನು ಅಧ್ಯಯನ ಮಾಡುವವನು ಅದನ್ನು ನುಡಿಸಲು ಕಲಿಯಲೇಬೇಕು, ಬರೀ ಟೇಪು ಕೇಳಿ ಬರೆದರೆ ನಡೆಯದು ಎಂದು. ಅಲ್ಲಿಯ ರಾಬರ್ಟ್ ಬ್ರೌನ್ ಮದರಾಸಿನ ಟಿ. ರಂಗನಾಥನ್ ಅವರಲ್ಲಿ ಮೃದಂಗ ಕಲಿತು 1965ರಲ್ಲಿ ಮೃದಂಗದ ಮೇಲೆ ಪ್ರಬಂಧ ಸಲ್ಲಿಸಿದರು. ಇಲ್ಲಿಯೂ ಗುರುವಿಗೆ ಸಾಕ್ಷಿಯ ಜಾಗವೇ, ನಿಜ. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಬ್ರೌನ್ ಕಟ್ಟಿದ ವಿಭಾಗಕ್ಕೆ ನಮ್ಮ ಸಂಗೀತಗಾರರು ಪಾಠ ಹೇಳಲು ಹೋದರು. ರಂಗನಾಥನ್ ಅವರ ತಮ್ಮ, ವೀಣೆ ಧನಮ್ಮಾಳ್ ಅವರ ಮೊಮ್ಮಗ, ಕೊಳಲು ವಿದ್ವಾಂಸ ಟಿ. ವಿಶ್ವನಾಥನ್ ಅಲ್ಲಿಯೇ 1970ರ ದಶಕದಲ್ಲಿ ದಕ್ಷಿಣ ಭಾರತದ ಸಂಗೀತದ ರಾಗಾಲಾಪನೆಯ ಮೇಲೆ ಪಿಎಚ್.ಡಿ. ಮಾಡಿದರು. ತಾನು ಕಛೇರಿಯಲ್ಲಿ ಮಾಡುತ್ತ ಬಂದದ್ದನ್ನೇ ಮೇಜಿನ ಮೇಲೆ ಬಿಚ್ಚಿಟ್ಟರು. ಗಾಯಕ ಎಸ್. ರಾಮನಾಥನ್ ಅಲ್ಲೇ ಶಿಲಪ್ಪದಿಗಾರದ ಸಂಗೀತವನ್ನು ಹಿಡಿದು ಕೂತರು. ಮುಂದೆ 1991ರಲ್ಲಿ ರಂಗನಾಥನ್ ಅವರ ಶಿಷ್ಯ, ಸ್ವತಃ ಮೃದಂಗ ನುಡಿಸುವ ಡೇವಿಡ್ ನೆಲ್ಸನ್ ತನಿ ಆವರ್ತನದ ಮೇಲೆ ಪ್ರಬಂಧ ಬರೆದರು. ತನಿಯಲ್ಲಿ ಒಂದು ಮೋಹರಾ ಮುಗಿದು ಕೋರ್ವೆಗೆ ಹೊರಳುವ ಕ್ಷಣ ಕಿವಿಗೆ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಬೆರಳಿಗೆ ಗೊತ್ತಿಲ್ಲದವರು ಬರೆಯಲು ಸಾಧ್ಯವೇ?

ಅಮೆರಿಕದವರು ಇನ್ನೊಂದು ಪದವಿಯನ್ನೂ ಮಾಡಿಕೊಂಡಿದ್ದಾರೆ. ಡಾಕ್ಟರ್ ಆಫ್ ಮ್ಯೂಸಿಕಲ್ ಆರ್ಟ್ಸ್, ಚಿಕ್ಕದಾಗಿ ಡಿ.ಎಂ.ಎ. 1950ರ ದಶಕದಲ್ಲಿ ಇದಕ್ಕೆ ಒತ್ತಾಸೆಯಾಗಿ ನಿಂತವರು ರಾಚೆಸ್ಟರಿನ ಈಸ್ಟ್‌ಮನ್ ಸಂಗೀತ ಶಾಲೆಯ ನಿರ್ದೇಶಕ ಹೊವರ್ಡ್ ಹ್ಯಾನ್ಸನ್. ಕಾರಣ ತೀರಾ ಲೌಕಿಕವಾದದ್ದು. ಯುದ್ಧದ ನಂತರ ವಿಶ್ವವಿದ್ಯಾಲಯಗಳು ಬೆಳೆದವು, ಪಾಠ ಹೇಳುವವರಿಗೆ ಡಾಕ್ಟರೇಟು ಬೇಕೆನ್ನತೊಡಗಿದವು, ಪಿಯಾನೋ ನುಡಿಸುವವರು ಎಲ್ಲಿಂದ ತರಬೇಕು? ಹಾಗಾಗಿ ನುಡಿಸಿಯೇ ಪಡೆಯುವ ಪದವಿ ಬಂತು. ಅಭ್ಯರ್ಥಿ ಹಲವು ಸಾರ್ವಜನಿಕ ಕಛೇರಿ ಕೊಡಬೇಕು. ಅವುಗಳಲ್ಲಿ ಒಂದು ಸೋದಾಹರಣ ಉಪನ್ಯಾಸ. ಚರಿತ್ರೆ ಮತ್ತು ಸಿದ್ಧಾಂತದಲ್ಲಿ ಸಮಗ್ರ ಪರೀಕ್ಷೆ. ಕೊನೆಗೆ ಪಿಎಚ್.ಡಿ.ಗಿಂತ ಚಿಕ್ಕದಾದ ಒಂದು ಬರಹ. ಫಿನ್‌ಲೆಂಡಿನ ಸಿಬೆಲಿಯಸ್ ಅಕಾಡೆಮಿಯಲ್ಲಿಯೂ ಕಲಾವಿದರ ಡಾಕ್ಟರೇಟಿಗೆ ಕಛೇರಿಗಳ ಸರಣಿಯೇ ಮುಖ್ಯ. ಗೌರವ ಡಾಕ್ಟರೇಟಿನ ಜೊತೆಗೂ ಸಂಗೀತ ನಡೆದದ್ದುಂಟು: ಆಕ್ಸ್‌ಫರ್ಡಿನವರು 1791ರಲ್ಲಿ ಸಂಗೀತ ರಚನಕಾರ ಹೇಡನ್‌ಗೆ ಗೌರವ ಡಾಕ್ಟರೇಟು ಕೊಟ್ಟಾಗ ಆತ ತನ್ನ ಸಿಂಫನಿ ಒಂದನ್ನು ಅಲ್ಲಿ ನುಡಿಸಿದ. ಅದರ ಹೆಸರೇ ಮುಂದೆ ಆಕ್ಸ್‌ಫರ್ಡ್ ಸಿಂಫನಿ ಎಂದಾಯಿತು. ಪದವಿಯ ಹೆಸರನ್ನು ಕಲಾವಿದ ಹೊತ್ತುಕೊಂಡು ತಿರುಗುವುದು ಎಲ್ಲೆಲ್ಲೂ ಇದೆ. ಇಲ್ಲಿ ಊರಿನ ಹೆಸರನ್ನೇ ಸಂಗೀತ ಹೊತ್ತುಕೊಂಡು ತಿರುಗಿತು.

ಡಿ.ಎಂ.ಎ.ಯನ್ನು ಹಾಗೇ ತಂದು ಇಲ್ಲಿ ನೆಡಬೇಕೆಂದು ನಾನು ಹೇಳಲಾರೆ. ಅವರ ಕಛೇರಿಯೆಂದರೆ ಬರೆದಿಟ್ಟದ್ದನ್ನು ನುಡಿಸುವುದು, ನಮ್ಮದು ಅರ್ಧಕ್ಕರ್ಧ ಮನೋಧರ್ಮ. ಅದೂ ಅಲ್ಲದೆ ಆ ಪದವಿಗೆ ಅಲ್ಲಿಯೇ ಟೀಕೆಗಳಿವೆ. ನುಡಿಸುವುದೊಂದು ಕಡೆ, ಬರೆಯುವುದೊಂದು ಕಡೆ, ಎರಡಕ್ಕೂ ಸಂಬಂಧವಿಲ್ಲ ಎಂದು ಅಲ್ಲಿಯವರೇ ಗೊಣಗುತ್ತಾರೆ.

ನಮ್ಮಲ್ಲಿ ಎರಡೂ ಬೆಸೆದುಕೊಂಡ ಕೆಲಸ ಪದವಿಯ ಹಂಗಿಲ್ಲದೆಯೇ ನಡೆದಿದೆ. ಎಟ್ಟಯಪುರದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಯಾವ ವಿಶ್ವವಿದ್ಯಾಲಯಕ್ಕೂ ಸಲ್ಲಿಸಿದ್ದಲ್ಲ. ಆಸ್ಥಾನದ ವೈಣಿಕರು, ಸ್ವತಃ ವಾಗ್ಗೇಯಕಾರರು, ಮುತ್ತುಸ್ವಾಮಿ ದೀಕ್ಷಿತರ ಮನೆತನದವರು, ತಮ್ಮ ಬೆರಳಿನಲ್ಲಿದ್ದುದನ್ನೆಲ್ಲ ಗಮಕದ ಚಿಹ್ನೆಗಳಾಗಿ ಅಚ್ಚಿಗಿಳಿಸಿದರು. ಮೈಸೂರಿನ ಪಿಟೀಲು ಚೌಡಯ್ಯನವರು ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂದು ತಂತಿಗಳನ್ನು ಏಳಕ್ಕೆ ಏರಿಸಿದರು. ಒಂದು ಸಮಸ್ಯೆ, ಒಂದು ಪ್ರಯೋಗ, ಸಾವಿರಾರು ಜನರ ಮುಂದೆ ಅದರ ಪರೀಕ್ಷೆ. ಇದನ್ನು ಸಂಶೋಧನೆಯಲ್ಲ ಎನ್ನುವ ಧೈರ್ಯ ನನಗಿಲ್ಲ. ಅವರು ಅದರ ಬಗ್ಗೆ ಇನ್ನೂರು ಪುಟ ಬರೆದಿಟ್ಟಿದ್ದರೆ ಇವತ್ತು ನಮ್ಮ ಮಕ್ಕಳಿಗೆ ಎಷ್ಟು ಉಪಕಾರವಾಗುತ್ತಿತ್ತು!

ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ಹೆಸರನ್ನು ಇಲ್ಲಿ ಹೇಳದಿದ್ದರೆ ಮೈಸೂರಿನವರು ಎದ್ದು ಕೇಳುತ್ತೀರಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದು ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ ಅಷ್ಟೋತ್ತರ ಶತ ಕೃತಿಗಳನ್ನು ಕಟ್ಟಿದವರು, ಹರಿಕಥೆಯಲ್ಲಿ ಊರೂರು ಗೆದ್ದವರು. 1943ರಲ್ಲಿ ತಿರುವಾಂಕೂರು ವಿಶ್ವವಿದ್ಯಾಲಯ ಅವರಿಗೆ ಡಿ.ಲಿಟ್. ಕೊಟ್ಟಿತು. ಅವರ ಹಾಡಿಗಾಗಿ ಕೊಟ್ಟದ್ದಲ್ಲ, ಹರಿಕಥೆಗಾಗಿಯೂ ಅಲ್ಲ, ‘ಸಂಗೀತ ಕಲ್ಪದ್ರುಮ’ ಎಂಬ ಗ್ರಂಥಕ್ಕಾಗಿ. ಅಂಥ ಕಲಾವಿದರಿಗೂ ಬಾಗಿಲು ತೆರೆದದ್ದು ಪುಸ್ತಕವೇ. ಅವತ್ತಿನಿಂದ ಇವತ್ತಿನವರೆಗೆ ಆ ಬಾಗಿಲಿನ ಚಿಲಕ ಬದಲಾಗಿಲ್ಲ.

ಹಾಗಾದರೆ ನಾನು ಹೇಳುವ ಡಾಕ್ಟರೇಟು ಹೇಗಿರುತ್ತದೆ? ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಬ್ಬ ವೈಣಿಕಳನ್ನು ಕಲ್ಪಿಸಿಕೊಳ್ಳಿ. ಅವಳು ಸುಬ್ಬರಾಮ ದೀಕ್ಷಿತರ ಗ್ರಂಥದಿಂದ ವಿಳಂಬದ ಒಂದು ಕೃತಿಯನ್ನು ಎತ್ತಿಕೊಳ್ಳುತ್ತಾಳೆ. ಪುಟದ ಮೇಲೆ ಸ್ವರಗಳ ನೆತ್ತಿಯಲ್ಲಿ ಗುರುತುಗಳಿವೆ: ಇಲ್ಲಿ ಕಂಪಿತ, ಇಲ್ಲಿ ನೊಕ್ಕು, ಇಲ್ಲಿ ಜಾರು, ಇಲ್ಲಿ ಒದುಕ್ಕಲ್. ಒದುಕ್ಕಲ್ ಎಂದರೆ ಒಂದು ಸ್ವರದ ಮೆಟ್ಟಿನ ಮೇಲೆಯೇ ತಂತಿಯನ್ನು ಎಳೆದು ಮುಂದಿನ ಸ್ವರವನ್ನು ಅಲ್ಲಿಯೇ ಹೊರಡಿಸುವುದು. ಜಾರು ಎಂದರೆ ಬೆರಳು ಮೆಟ್ಟಿನಿಂದ ಮೆಟ್ಟಿಗೆ ಹರಿದುಹೋಗುವುದು. ಕೇಳುವವರಿಗೆ ತಲುಪುವ ಸ್ವರ ಎರಡರಲ್ಲೂ ಒಂದೇ ಇರಬಹುದು, ನಾದದ ಗುಣ ಬೇರೆ. ಅವಳು ಒಂದು ಗುರುತನ್ನೂ ಬಿಡದೆ, ಅಚ್ಚಾದ ಹಾಗೆಯೇ ನುಡಿಸಲು ಕೂರುತ್ತಾಳೆ. ಇವತ್ತು ಕಛೇರಿಗಳಲ್ಲಿ ಆ ಕೃತಿಗೆ ಇಟ್ಟುಕೊಳ್ಳುವ ಕಾಲಪ್ರಮಾಣದಲ್ಲಿ ಬೆರಳು ಸಾಲುವುದಿಲ್ಲ. ಕಾಲವನ್ನು ಇಳಿಸಿದರೆ ಎಲ್ಲ ಗುರುತಿಗೂ ಜಾಗ ಸಿಗುತ್ತದೆ, ಆದರೆ ಮೀಟಿದ ನಾದ ಮುಂದಿನ ಮೀಟಿನವರೆಗೆ ಬದುಕಿರುವುದಿಲ್ಲ. ಈ ಎರಡರ ನಡುವೆ ಎಲ್ಲೋ ಒಂದು ಕಾಲವಿದೆ, ಅದನ್ನು ಹುಡುಕಬೇಕು.

ಇಲ್ಲಿ ಅವಳ ಪ್ರಶ್ನೆ ಹುಟ್ಟುತ್ತದೆ. ಕಾಲ ಒಂದೊಂದೇ ಎಳೆ ಏರಿದಂತೆ ಯಾವ ಗಮಕ ಮೊದಲು ಕೈಬಿಡುತ್ತದೆ? ಒದುಕ್ಕಲ್ ಜಾರಾಗಿ ಮಾರ್ಪಡುವುದು ಯಾವ ಹಂತದಲ್ಲಿ? ಕಳೆದ ನೂರು ವರ್ಷಗಳ ಧ್ವನಿಮುದ್ರಿಕೆಗಳಲ್ಲಿ ಅದೇ ಕ್ರಮದಲ್ಲಿ ಗಮಕಗಳು ಕಳಚಿಕೊಂಡಿವೆಯೇ? ಮೇಳ ಕಟ್ಟುವವರು ಮೇಣದ ಮೇಲೆ ಮೆಟ್ಟು ಕೂರಿಸುವಾಗ ತಂತಿಗೂ ಮೆಟ್ಟಿಗೂ ಬಿಡುವ ಸಂದು ಹೆಚ್ಚುಕಡಿಮೆಯಾದರೆ ಎಳೆತ ಎಷ್ಟು ಸುಲಭ, ಎಷ್ಟು ಕಷ್ಟ? ಈ ಹುಡುಕಾಟದಲ್ಲಿ ಗ್ರಂಥಾಲಯ ಬೇಕು, ಹಳೆಯ ತಟ್ಟೆಗಳ ಸಂಗ್ರಹ ಬೇಕು, ವೀಣೆ ಮಾಡುವವರ ಕಾರ್ಖಾನೆ ಬೇಕು. ಆದರೆ ಪ್ರಯೋಗಶಾಲೆ ಅವಳ ತೊಡೆಯ ಮೇಲಿರುವ ವೀಣೆ. ತಿಂಗಳಾನುಗಟ್ಟಲೆ ತನ್ನ ನುಡಿಸಾಣಿಕೆಯನ್ನು ತಾನೇ ಮುದ್ರಿಸಿ, ಮರುದಿನ ಪರರದ್ದೆಂಬಂತೆ ಕೇಳಿ, ದಾಖಲೆ ಇಡಬೇಕು. ಕೊನೆಗೆ ಪರೀಕ್ಷಕರು ಗ್ರಂಥವನ್ನು ಬಿಚ್ಚಿಕೊಂಡು ಎದುರಿಗೆ ಕೂತಿರಲಿ. ಅವಳು ಅದೇ ಕೃತಿಯನ್ನು ಬೇರೆ ಬೇರೆ ಕಾಲದಲ್ಲಿ ನುಡಿಸಿ, ಎಲ್ಲಿ ಏನನ್ನು ಬಿಟ್ಟೆ, ಏಕೆ ಬಿಟ್ಟೆ ಎಂದು ವೀಣೆಯಲ್ಲೂ ಮಾತಿನಲ್ಲೂ ಸಮರ್ಥಿಸಲಿ. ಬರಹ ನಾನೂರು ಪುಟ ಬೇಡ, ನೂರು ಸಾಕು. ಅದರಲ್ಲಿ ಸಾಮವೇದ ಬರಬೇಕಾಗಿಲ್ಲ.

ಗಾಯಕರಾದರೆ ನೆರವಲ್ ಇದೆ. ಒಂದೇ ಸಾಲು, ಅರುಧಿ ಕೆಡಬಾರದು, ಸಾಹಿತ್ಯದ ಪದ ಒಡೆಯಬಾರದು, ಆದರೂ ಪ್ರತಿ ಸಲ ಹೊಸದಾಗಬೇಕು. ಆ ಕ್ಷಣದಲ್ಲಿ ನಿರ್ಧಾರ ಹೇಗೆ ಆಗುತ್ತದೆ? ಗಾಯಕರೊಬ್ಬರ ಮಾತನ್ನೇ ನಂಬಿ ಕೂರಬೇಕಾಗಿಲ್ಲ. ಅದೇ ಕಛೇರಿಯ ಪಿಟೀಲಿನವರನ್ನು, ಮೃದಂಗದವರನ್ನು ಬೇರೆ ಬೇರೆಯಾಗಿ ಕೂರಿಸಿ ಅದೇ ಮುದ್ರಿಕೆಯನ್ನು ಕೇಳಿಸಿ, ಇಲ್ಲಿ ನಿಮಗೆ ಏನು ಅನ್ನಿಸಿತು ಎಂದು ಬರೆದುಕೊಳ್ಳಿ. ಮೂವರ ಮಾತು ಮೂರು ದಿಕ್ಕಿಗೆ ಹೋದರೆ ಇನ್ನೂ ಒಳ್ಳೆಯದು.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತಿವೆ. ಕಛೇರಿಗೆ ಡಾಕ್ಟರೇಟು ಕೊಡಲು ಹೊರಟರೆ ತಮ್ಮ ತಮ್ಮ ಶಿಷ್ಯರಿಗೆ ಹಂಚಿಕೊಂಡುಬಿಡುತ್ತಾರೆ ಎನ್ನುತ್ತಾರೆ. ಲಿಖಿತ ಪ್ರಬಂಧಗಳಲ್ಲಿ ಅದು ನಡೆಯುತ್ತಿಲ್ಲವೇ? ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯುವುದಕ್ಕಿಂತ ಮುನ್ನೂರು ರಸಿಕರು ಕೂತ ಸಭಾಂಗಣದಲ್ಲಿ ಪಕ್ಷಪಾತ ಮಾಡುವುದು ಕಷ್ಟ. ನಮ್ಮ ರಸಿಕರು ಎಂಥವರು ಎಂಬುದು ತಪ್ಪು ತಾಳ ಹಾಕಿದವರಿಗೆಲ್ಲ ಗೊತ್ತು. ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ಚೆನ್ನಾಗಿ ಹಾಡುವವರಿಗೆ ಆಕಾಶವಾಣಿಯ ಶ್ರೇಣಿ ಇದೆ, ಸಭೆಗಳಿವೆ, ಪ್ರಶಸ್ತಿಗಳಿವೆ, ಅದರ ಮೇಲೆ ಡಾಕ್ಟರೇಟು ಏಕೆ? ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಚೆನ್ನಾಗಿ ಹಾಡಿದ್ದಕ್ಕೆ ಡಾಕ್ಟರೇಟು ಬೇಡವೇ ಬೇಡ. ಪ್ರಶ್ನೆ ಇರಬೇಕು, ಆ ಪ್ರಶ್ನೆಯನ್ನು ಹಾಡಿನಲ್ಲೇ ಬಿಡಿಸಿರಬೇಕು, ಬಿಡಿಸಿದ್ದನ್ನು ಇನ್ನೊಬ್ಬರು ತೆಗೆದುಕೊಂಡು ಮುಂದುವರಿಸುವಂತೆ ಇಟ್ಟಿರಬೇಕು. ಪ್ರಶ್ನೆಯಿಲ್ಲದ ಅದ್ಭುತ ಗಾಯಕರು ವಿಶ್ವವಿದ್ಯಾಲಯದ ಕಡೆ ತಲೆಹಾಕದೆ ಹಾಡುತ್ತಿರಲಿ, ನಾವೆಲ್ಲ ಟಿಕೆಟು ಕೊಂಡು ಕೇಳೋಣ.

ಬೆಂಗಳೂರಿನಲ್ಲಿ ನೆಲೆಸಿರುವ ಪಿಟೀಲು ವಿದ್ವಾಂಸ ಎಲ್. ಸುಬ್ರಮಣ್ಯಂ ಅವರದು ಮೋಜಿನ ಸಂಗತಿ. ಮದರಾಸಿನಲ್ಲಿ ಓದಿದ ಎಂ.ಬಿ.ಬಿ.ಎಸ್. ಪದವೀಧರರಾದ್ದರಿಂದ ಮೊದಲಿನಿಂದಲೂ ಅವರು ಡಾಕ್ಟರ್ ಸುಬ್ರಮಣ್ಯಂ. ಹಾಗಿದ್ದರೂ ಎಪ್ಪತ್ತರ ಹೊಸ್ತಿಲಲ್ಲಿ, 2017ರಲ್ಲಿ, ಅದೇ ಊರಿನ ಜೈನ್ ವಿಶ್ವವಿದ್ಯಾಲಯದಿಂದ ರಾಗ ಮತ್ತು ಹಾರ್ಮನಿಯನ್ನು ಕುರಿತು ಪಿಎಚ್.ಡಿ. ಪಡೆದರು. ಎರಡನೆಯ ‘ಡಾ.’ದಿಂದ ಅವರ ಹೆಸರಿಗೆ ಹೊಸದಾಗಿ ಸೇರಬೇಕಾದದ್ದು ಏನೂ ಇರಲಿಲ್ಲ. ತಾನು ದಶಕಗಳ ಕಾಲ ವೇದಿಕೆಯಲ್ಲಿ ಮಾಡುತ್ತ ಬಂದದ್ದನ್ನು ಸಿದ್ಧಾಂತದ ರೂಪದಲ್ಲಿ ಇಡಬೇಕೆನ್ನಿಸಿತು, ಇಟ್ಟರು. ಗಾಯಕಿ ಪ್ರಭಾ ಅತ್ರೆಯವರು ಸರಗಮ್ ಮೇಲೆ ಪ್ರಬಂಧ ಬರೆದದ್ದೂ ಹೀಗೆಯೇ. ತಮ್ಮ ಗಾಯನದಲ್ಲಿ ಸರಗಮ್ ಏಕಿರಬೇಕು ಎಂದು ಕೇಳಿದವರಿಗೆಲ್ಲ ಅದೊಂದು ಉತ್ತರ.

ನೌಕರಿಯ ಮಾತು ಆಡದೆ ಇಳಿದರೆ ಈ ಉಪನ್ಯಾಸ ಬರೀ ಆದರ್ಶದ್ದಾಗುತ್ತದೆ. ಪಿಎಚ್.ಡಿ. ಇಲ್ಲದಿದ್ದರೆ ಕಾಲೇಜಿನಲ್ಲಿ ಕೆಲಸವಿಲ್ಲ ಎಂಬ ಭಯದಿಂದಲೇ ಮುಕ್ಕಾಲುಪಾಲು ಜನ ಸೇರುವುದು. ಆ ಭಯಕ್ಕೆ ಪೂರ್ತಿ ಆಧಾರವಿಲ್ಲ. 2018ರ ಯುಜಿಸಿ ನಿಯಮಗಳಲ್ಲಿ ಸಂಗೀತ ಮತ್ತು ಪ್ರದರ್ಶನ ಕಲೆಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎರಡನೆಯ ದಾರಿಯೊಂದಿದೆ. ಪದವೀಧರರಾದ ವೃತ್ತಿಪರ ಕಲಾವಿದರು, ಹೆಸರಾಂತ ಗುರುಗಳಲ್ಲಿ ಕಲಿತವರು, ಆಕಾಶವಾಣಿ ಅಥವಾ ದೂರದರ್ಶನದ ‘ಎ’ ಶ್ರೇಣಿಯವರು, ವಿಷಯವನ್ನು ತರ್ಕಬದ್ಧವಾಗಿ ವಿವರಿಸಿ ಸೋದಾಹರಣವಾಗಿ ಪಾಠ ಹೇಳಬಲ್ಲವರು ಅರ್ಜಿ ಹಾಕಬಹುದು. ಇನ್ನು 2023ರ ಜುಲೈಯಿಂದ ಎಲ್ಲ ವಿಷಯಗಳಿಗೂ ಆ ಹುದ್ದೆಗೆ ನೆಟ್, ಸೆಟ್ ಇದ್ದರೆ ಸಾಕು, ಪಿಎಚ್.ಡಿ. ಕಡ್ಡಾಯವಲ್ಲ. ಆದ್ದರಿಂದ ಹೊಟ್ಟೆಪಾಡಿಗಾಗಿ ಮನಸ್ಸಿಲ್ಲದ ಪ್ರಬಂಧ ಬರೆಯಬೇಡಿ. ಆ ಆರು ವರ್ಷದಲ್ಲಿ ನಿಮ್ಮ ಕಂಠ ಹೋಗುತ್ತದೆ. ಹೋದ ಕಂಠ ಘಟಿಕೋತ್ಸವದ ದಿನ ವಾಪಸು ಬರುವುದಿಲ್ಲ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆದರೆ ಲಿಖಿತ ಪ್ರಬಂಧದ ಈ ಸಮಸ್ಯೆಯ ಇನ್ನೊಂದು ಮುಖ ಕಾಣುತ್ತದೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತದಲ್ಲಿ ಬದುಕು ಕಟ್ಟಿಕೊಟ್ಟ ಜಾಗ ಅದು. ಅಲ್ಲಿ ಕಲಿತ ಹುಡುಗನೊಬ್ಬನ ನೆನಪಿನಲ್ಲಿ ನೂರಾರು ಬಂದಿಶ್‌ಗಳಿವೆ, ಅವು ಒಂದರಿಂದ ಒಂದು ಹೇಗೆ ಬೇರೆ ಎಂಬ ವಿವೇಚನೆಯೂ ಇದೆ. ಆದರೂ ನಾವು ಅವನಿಂದ ಕೇಳುವುದು ಟೈಪು ಮಾಡಿ, ರಟ್ಟು ಹಾಕಿಸಿದ ಪುಸ್ತಕ. ಅವನ ಸಂಶೋಧನೆಯ ಹೆಚ್ಚಿನ ಪಾಲು ಧ್ವನಿಯಲ್ಲೇ ಇದ್ದರೆ ಪರೀಕ್ಷಕರು ಕಿವಿಗೊಟ್ಟು ಪರಿಶೀಲಿಸಲಾರರೇ?

ಇಲ್ಲಿ ಕುಲಪತಿಗಳ ಪ್ರತಿನಿಧಿಗಳಿದ್ದಾರೆ, ಸಂಗೀತ ವಿಭಾಗಗಳ ಮುಖ್ಯಸ್ಥರಿದ್ದಾರೆ. ಅವರಲ್ಲಿ ನನ್ನ ಕೋರಿಕೆ ಇದು. ದೆಹಲಿಯಿಂದ ಆದೇಶ ಬರಲಿ ಎಂದು ಕಾಯಬೇಡಿ. ಕೋರ್ಸ್ ವರ್ಕಿನಲ್ಲಿ ಏನು ಕಲಿಸಬೇಕು, ಪ್ರಬಂಧದ ಜೊತೆ ಏನನ್ನು ಸಲ್ಲಿಸಬಹುದು, ಮೌಖಿಕ ಪರೀಕ್ಷೆ ಯಾವ ಸಭಾಂಗಣದಲ್ಲಿ ನಡೆಯಬೇಕು ಎಂಬುದು ನಿಮ್ಮ ವಿದ್ಯಾವಿಷಯಕ ಪರಿಷತ್ತಿನ ಕೈಯಲ್ಲೇ ಇದೆ. ಪ್ರದರ್ಶನ ಆಧಾರಿತ ಸಂಶೋಧನೆ ಎಂದು ಒಂದು ವಿಭಾಗ ತೆರೆಯಿರಿ. ಸಂಶೋಧನೆಯ ಅವಧಿಯಲ್ಲಿ ಎರಡು ಮೂರು ಸಾರ್ವಜನಿಕ ಕಛೇರಿ ಕಡ್ಡಾಯ ಮಾಡಿ, ಅವುಗಳ ಮುದ್ರಿಕೆಯನ್ನು ಪ್ರಬಂಧದ ಅಧ್ಯಾಯವೆಂದೇ ಎಣಿಸಿ, ಶೋಧಗಂಗಾ ಭಂಡಾರಕ್ಕೆ ಸೇರಿಸಿ. ಹೊರಗಿನ ಪರೀಕ್ಷಕರಲ್ಲಿ ಒಬ್ಬರು ವೇದಿಕೆಯ ಕಲಾವಿದರಾಗಿರಲಿ. ಅವರಿಗೆ ಪಿಎಚ್.ಡಿ. ಇಲ್ಲವೆಂದು ನಿಯಮ ಅಡ್ಡ ಬಂದರೆ ತಜ್ಞ ಸಲಹೆಗಾರರೆಂದು ಕರೆಯಿರಿ, ದಾರಿಗಳಿವೆ. ಬಂದವರಿಗೆ ಸಂಭಾವನೆಯನ್ನು ಅಂದೇ ಕೊಡಿ.

ವಿದ್ಯಾರ್ಥಿಗಳಿಗೆ ಒಂದೇ ಮಾತು. ಅರ್ಜಿ ಹಾಕುವ ಮುಂಚೆ ನಿಮ್ಮ ವಿಷಯವನ್ನು ಗುರುಗಳ ಮುಂದೆ ಹಾಡಿ ತೋರಿಸಲು ಬರುತ್ತದೆಯೇ ನೋಡಿಕೊಳ್ಳಿ. ಬರುವುದಾದರೆ ಈ ವರ್ಷವೇ ಅರ್ಜಿ ಹಾಕಿ, ವಿಭಾಗದವರು ‘ಇದಕ್ಕೆ ನಮ್ಮಲ್ಲಿ ಅವಕಾಶವಿಲ್ಲ’ ಎಂದರೆ ಆ ಮಾತನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ.